ಯುದ್ಧಕಾಲದ ಕಾರ್ಖಾನೆಗಳಲ್ಲಿ ಸಂಗೀತ: ನಾಟಕಕ್ಕಾಗಿ ಒಂದು ಪ್ರಶ್ನೆ

ಪ್ರಶ್ನೆ ಕೇಳಿದವರು: ಪರ್ಕಳದ ಹವ್ಯಾಸಿ

ಎಲ್ಲರಿಗೂ ನಮಸ್ಕಾರ. ಉಡುಪಿಯ ನಮ್ಮ ಹವ್ಯಾಸಿ ತಂಡಕ್ಕಾಗಿ ದೀಪಾವಳಿಯ ಹೊತ್ತಿಗೆ ಸಿದ್ಧವಾಗಬೇಕಾದ 50 ನಿಮಿಷಗಳ ಒಂದು ನಾಟಕವನ್ನು ಬರೆಯುತ್ತಿದ್ದೇನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಕಾರ್ಖಾನೆಗಳಿಗೆ ಗಾಯಕರನ್ನೂ ವಾದಕರನ್ನೂ ನಟರನ್ನೂ ಕಳುಹಿಸಿ, ಊಟದ ಬಿಡುವಿನಲ್ಲಿ ಕಾರ್ಮಿಕರ ಮುಂದೆ ಕಾರ್ಯಕ್ರಮ ಕೊಡಿಸುತ್ತಿದ್ದರು ಎಂಬ ಸಂಗತಿ ನನ್ನ ಕಥೆಯ ಬೀಜ. ಒಬ್ಬ ಗಾಯಕಿ, ಒಬ್ಬ ಪಿಟೀಲುವಾದಕ, ಒಬ್ಬ ಪಿಯಾನೋವಾದಕ ಮದ್ದುಗುಂಡಿನ ಕಾರ್ಖಾನೆಯೊಂದರ ಕ್ಯಾಂಟೀನಿಗೆ ಬರುತ್ತಾರೆ. ತಟ್ಟೆ ಚಮಚಗಳ ಸದ್ದಿನ ನಡುವೆ ಅರ್ಧ ಗಂಟೆ ಹಾಡಿ ನುಡಿಸಿ ಹೊರಟುಹೋಗುತ್ತಾರೆ. ಆ ಅರ್ಧ ಗಂಟೆಯೇ ನಾಟಕ.

ಬರೆಯುತ್ತ ಹೋದಂತೆ ನನಗೆ ಎರಡು ಕಡೆ ತೊಡಕಾಗಿದೆ. ಮೊದಲನೆಯದು, ಈ ಏರ್ಪಾಡು ದುಡಿಯುವವರ ಮೇಲಿನ ಗೌರವದಿಂದ ಹುಟ್ಟಿದ್ದೋ ಅಥವಾ ಯಂತ್ರಕ್ಕೆ ಎಣ್ಣೆ ಬಿಡುವಂತೆ ಆಳುಗಳಿಗೆ ಹಾಡು ಬಿಟ್ಟದ್ದೋ ಎಂಬುದು ನನಗೆ ಸ್ಪಷ್ಟವಾಗುತ್ತಿಲ್ಲ, ಮತ್ತು ಅದು ಸ್ಪಷ್ಟವಾಗದೆ ಗಾಯಕಿಯ ಪಾತ್ರಕ್ಕೆ ಮಾತು ಹುಟ್ಟುತ್ತಿಲ್ಲ. ಎರಡನೆಯದು, ನಮ್ಮ ಪ್ರೇಕ್ಷಕರಿಗೆ ಹತ್ತಿರವಾಗಲಿ ಎಂದು ಇಡೀ ಕಥೆಯನ್ನು 1942ರ ಮಂಗಳೂರಿನ ಹಂಚಿನ ಕಾರ್ಖಾನೆಗೆ ಸ್ಥಳಾಂತರಿಸಬೇಕೆಂದು ತಂಡದ ಗೆಳೆಯರು ಒತ್ತಾಯಿಸುತ್ತಿದ್ದಾರೆ. ಜೆಪ್ಪು, ನೇತ್ರಾವತಿಯ ದಂಡೆ, ಆವೆಮಣ್ಣಿನ ರಾಶಿ, ಉದ್ದನೆಯ ಹೊಗೆಗೊಳವೆ ಎಲ್ಲವೂ ರಂಗದ ಮೇಲೆ ಚೆನ್ನಾಗಿ ಕಾಣುತ್ತವೆ, ನಿಜ. ಆದರೆ ಹಾಗೆ ಮಾಡುವುದು ಸರಿಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಕದ್ರಿಯ ಹಳೆಯ ಮೇಷ್ಟ್ರು

ಪ್ರಶ್ನೆ ಚೆನ್ನಾಗಿದೆ. ಮೂವತ್ತು ವರ್ಷ ಚರಿತ್ರೆಯನ್ನು ಬೋಧಿಸಿದ ಚಟದಿಂದಾಗಿ ಉತ್ತರ ಉದ್ದವಾದರೆ ಕ್ಷಮಿಸಿ.

ನೀವು ಒಂದೇ ಏರ್ಪಾಡು ಎಂದುಕೊಂಡಿರುವುದು ವಾಸ್ತವವಾಗಿ ಮೂರು, ಮತ್ತು ಮೂರರ ಉದ್ದೇಶಗಳೂ ಬೇರೆ ಬೇರೆ. ಇವುಗಳಲ್ಲಿ ನಿಮ್ಮ ‘ಯಂತ್ರಕ್ಕೆ ಎಣ್ಣೆ’ ಎಂಬ ಮಾತು ಅಕ್ಷರಶಃ ಸಲ್ಲುವುದು ಬಿಬಿಸಿ ರೇಡಿಯೋ ನಡೆಸಿದ ಕಾರ್ಯಕ್ರಮಕ್ಕೆ. 1940ರ ಜೂನ್ 23ರಂದು ‘ಕೆಲಸದ ಜೊತೆಗೆ ಸಂಗೀತ’ ಎಂಬ ಅರ್ಥದ ಹೆಸರಿನಲ್ಲಿ ಅದು ಆರಂಭವಾಯಿತು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನದ ಮೇಲೆ ಒಮ್ಮೆ, ಅರ್ಧರ್ಧ ಗಂಟೆ. ಮುಂದೆ ರಾತ್ರಿಪಾಳಿಯವರಿಗಾಗಿ ಮೂರನೆಯ ಪ್ರಸಾರವೂ ಸೇರಿತು. ಕಾರ್ಖಾನೆಯ ಧ್ವನಿವರ್ಧಕಗಳಿಂದ ಹೊರಡುವ ಆ ಸಂಗೀತ ಯಂತ್ರಗಳ ಗದ್ದಲವನ್ನು ಮೀರಿ ಕೇಳಬೇಕಾಗಿದ್ದುದರಿಂದ ದನಿಯ ಏರಿಳಿತ ಇರಬಾರದು, ಲಯ ತೂಕಡಿಕೆ ತರಿಸುವಷ್ಟು ನಿಧಾನವಾಗಬಾರದು, ನಡುನಡುವೆ ಮಾತು ಬರಬಾರದು, ಹಾಡುಗಾರಿಕೆ ಆದಷ್ಟು ಕಡಿಮೆಯಾಗಿರಬೇಕು ಎಂಬ ಕಟ್ಟಳೆಗಳಿದ್ದವು. ಕೈ ಓಡುತ್ತಿರಬೇಕು, ಮನಸ್ಸು ಬೇಸರಪಡಬಾರದು, ಆದರೆ ಹಾಡಿನಲ್ಲಿ ಮುಳುಗಲೂಬಾರದು. ಕಲೆಯ ದೃಷ್ಟಿಯಿಂದ ಇದಕ್ಕಿಂತ ವಿಚಿತ್ರವಾದ ಬೇಡಿಕೆ ಇನ್ನೊಂದಿರಲಾರದು. ಹಾಗಿದ್ದೂ ಜನ ಅದನ್ನು ಮೆಚ್ಚಿದರು, ಯುದ್ಧ ಮುಗಿದ ಮೇಲೂ 1967ರವರೆಗೆ ಅದು ನಡೆಯಿತು ಎಂಬುದನ್ನು ಮರೆಯಬಾರದು.

ಎರಡನೆಯದು ‘ಎನ್ಸಾ’ ಎಂಬ ಮನರಂಜನಾ ಸಂಘ. ಬೇಸಿಲ್ ಡೀನ್ ಮತ್ತು ಲೆಸ್ಲಿ ಹೆನ್ಸನ್ ಇಬ್ಬರೂ ಸೇರಿ 1939ರಲ್ಲಿ ಮುಖ್ಯವಾಗಿ ಸೈನಿಕರಿಗಾಗಿ ಇದನ್ನು ಕಟ್ಟಿದರು. 1940ರಲ್ಲಿ ಕಾರ್ಮಿಕ ಸಚಿವರಾದ ಅರ್ನೆಸ್ಟ್ ಬೆವಿನ್ ಸ್ವತಃ ಕಾರ್ಮಿಕ ಸಂಘದಿಂದ ಮೇಲೆ ಬಂದವರಾದ್ದರಿಂದ, ಸೈನಿಕನಿಗೆ ಸಲ್ಲುವ ಮನರಂಜನೆ ಮದ್ದುಗುಂಡು ತಯಾರಿಸುವವರಿಗೂ ಸಲ್ಲಬೇಕೆಂದು ಎನ್ಸಾದ ತಂಡಗಳನ್ನು ಕಾರ್ಖಾನೆಗಳ ಕಡೆಗೆ ತಿರುಗಿಸಿದರು. ಹಾಸ್ಯ, ನೃತ್ಯ, ಜನಪ್ರಿಯ ಹಾಡು ಇವೇ ಅವರ ಸರಕು; ಗುಣಮಟ್ಟ ಮಾತ್ರ ಒಂದೇ ಸಮನಾಗಿರಲಿಲ್ಲ. ಎನ್ಸಾ ಎಂಬ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ‘ಪ್ರತಿ ರಾತ್ರಿ ಏನಾದರೊಂದು ಘೋರ’ ಎಂದು ಬಿಡಿಸಿ ಹೇಳಿ ಸೈನಿಕರೇ ನಗುತ್ತಿದ್ದರು.

ನಿಮ್ಮ ಗಾಯಕಿ ಮತ್ತು ಪಿಟೀಲುವಾದಕರು ಸೇರುವುದು ಮೂರನೆಯದಕ್ಕೆ. ಸಂಗೀತ ಮತ್ತು ಕಲೆಗಳ ಪ್ರೋತ್ಸಾಹ ಮಂಡಳಿ ಎಂದು ಕನ್ನಡದಲ್ಲಿ ಹೇಳಬಹುದಾದ ಆ ಸಂಸ್ಥೆ 1940ರ ಜನವರಿಯಲ್ಲಿ ಹುಟ್ಟಿತು. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಅದನ್ನು ‘ಸೀಮಾ’ ಎಂದು ಕರೆಯುತ್ತಿದ್ದರು. ಪಿಲ್ಗ್ರಿಮ್ ಟ್ರಸ್ಟ್ ಎಂಬ ದತ್ತಿನಿಧಿ ಕೊಟ್ಟ 25,000 ಪೌಂಡುಗಳು ಅದರ ಮೊದಲ ಬಂಡವಾಳ, ಬಳಿಕ ಸರಕಾರದ ಹಣವೂ ಸೇರಿತು. ಮನರಂಜನೆಯ ಹೆಸರಿನಲ್ಲಿ ಅಗ್ಗದ್ದನ್ನು ಕೊಡದೆ ಬಾಕ್, ಮೊಜಾರ್ಟ್, ಶೇಕ್ಸ್‌ಪಿಯರ್ ಮೊದಲಾದ ಅತ್ಯುತ್ತಮವಾದದ್ದನ್ನೇ ಜನ ಇರುವಲ್ಲಿಗೆ ಕೊಂಡೊಯ್ಯಬೇಕು ಎಂಬುದು ಅದರ ಹಟ. 1940ರಲ್ಲಿ ಸಿಬಿಲ್ ಥಾರ್ನ್‌ಡೈಕ್ ಮತ್ತು ಲೂಯಿಸ್ ಕ್ಯಾಸನ್ ಎಂಬ ನಟ ದಂಪತಿಗಳು ಲಂಡನ್ನಿನ ಓಲ್ಡ್ ವಿಕ್ ನಾಟಕ ತಂಡದೊಂದಿಗೆ ದಕ್ಷಿಣ ವೇಲ್ಸಿನ ಕಲ್ಲಿದ್ದಲು ಗಣಿಯ ಊರುಗಳಲ್ಲಿ ಮ್ಯಾಕ್‌ಬೆತ್ ನಾಟಕವನ್ನು ಆಡಿದರು. ಮುಂದೆ ಜಗತ್ಪ್ರಸಿದ್ಧರಾದ ಕ್ಯಾಥ್ಲೀನ್ ಫೆರಿಯರ್, ಟೆಲಿಫೋನ್ ವಿನಿಮಯ ಕೇಂದ್ರದಲ್ಲಿ ದುಡಿದು ಬಂದ ಹೆಣ್ಣುಮಗಳು, ಇದೇ ಮಂಡಳಿಯ ಪರವಾಗಿ ಕಾರ್ಖಾನೆಗಳಲ್ಲಿ ಹಾಡಿದರು. ನಿಮ್ಮ ಗಾಯಕಿಯ ಮಾತಿಗೆ ಅವರ ಬಾಳು ಒಂದು ದಾರಿ ತೋರಿಸಬಹುದು: ತಾನೂ ಪಾಳಿಯಲ್ಲಿ ದುಡಿದವಳು ಪಾಳಿಯವರ ಮುಂದೆ ಹಾಡುವುದಕ್ಕೂ, ಅರಮನೆಯಿಂದ ಇಳಿದು ಬಂದವಳಂತೆ ಹಾಡುವುದಕ್ಕೂ ವ್ಯತ್ಯಾಸವಿದೆ.

ಇನ್ನೊಂದು ಮಾತು. ಆರಂಭದಲ್ಲಿ ಈ ಮಂಡಳಿ ಊರೂರಿನ ಹವ್ಯಾಸಿಗಳಿಗೂ, ಅಂದರೆ ಜನರೇ ಹಾಡುವುದಕ್ಕೂ ಬೆಂಬಲ ಕೊಡುತ್ತಿತ್ತು. 1942ರಲ್ಲಿ ಅರ್ಥಶಾಸ್ತ್ರಜ್ಞ ಕೇನ್ಸ್ ಅಧ್ಯಕ್ಷರಾದ ಮೇಲೆ ಒಲವು ವೃತ್ತಿಪರರ ಕಡೆಗೆ, ಉನ್ನತ ಮಟ್ಟದ ಕಡೆಗೆ ವಾಲಿತು. 1946ರಲ್ಲಿ ಅದೇ ಮಂಡಳಿ ಗ್ರೇಟ್ ಬ್ರಿಟನ್ನಿನ ಕಲಾ ಪರಿಷತ್ತಾಗಿ ಶಾಶ್ವತ ರೂಪ ಪಡೆಯಿತು. ‘ಗೌರವವೋ ಎಣ್ಣೆಯೋ’ ಎಂಬ ನಿಮ್ಮ ಪ್ರಶ್ನೆಯ ಬೆನ್ನಿಗೇ ‘ಕೇಳಿಸುವುದೋ ಹಾಡಿಸುವುದೋ’ ಎಂಬ ಈ ಜಗಳವೂ ನಿಂತಿದೆ. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ನಾಟಕೀಯ.

ಉತ್ತರ 2: ಸುರತ್ಕಲ್ಲಿನ ಹಾಡುಗಾರ್ತಿ

ಮೇಷ್ಟ್ರ ಉತ್ತರವನ್ನು ಎರಡು ಸಲ ಓದಿದೆ. ಚರಿತ್ರೆಗೆ ಸೇರಿಸುವಂಥದ್ದು ನನ್ನಲ್ಲಿಲ್ಲ. ಆದರೆ ಊಟದ ಬಿಡುವಿನಲ್ಲಿ ಹಾಡುವುದೆಂದರೇನು ಎಂಬುದನ್ನು ಒಂದು ಸಲ ಅನುಭವಿಸಿದ್ದೇನೆ. ಪ್ರಶ್ನೆ ಕೇಳಿದವರಿಗೆ ಅದು ಉಪಯೋಗಕ್ಕೆ ಬಂದೀತು.

ಕೆಲವು ವರ್ಷಗಳ ಹಿಂದೆ ಕಾರ್ಕಳದ ಕಡೆಯ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಮಹಿಳಾ ದಿನದ ಅಂಗವಾಗಿ ಹಾಡಲು ನಮ್ಮ ಮೂವರ ತಂಡವನ್ನು ಕರೆದಿದ್ದರು. ಅಲ್ಲಿ ಹೆಚ್ಚಿನವರು ಹೆಂಗಸರು. ಬೀಜ ಒಡೆಯುವವರ ಕೈಗಳು ಚಿಪ್ಪಿನ ಎಣ್ಣೆಯಿಂದ ಕಪ್ಪಾಗಿರುತ್ತವೆ, ಅದು ಚರ್ಮವನ್ನು ಸುಡುತ್ತದೆ, ಒಂದೆರಡು ಸಲ ತೊಳೆದರೆ ಹೋಗುವಂಥದ್ದಲ್ಲ. ಬಿಡುವಾದೊಡನೆ ಅವರಿಗೆ ಬೇಕಾಗಿದ್ದುದು ನಲ್ಲಿಯ ನೀರು, ಬುತ್ತಿ, ಬೆನ್ನು ಒರಗಿಸಲು ಒಂದು ಗೋಡೆ. ನಾವು ಹಾರ್ಮೋನಿಯಂ ಬಿಚ್ಚಿ ಶ್ರುತಿ ಸರಿಮಾಡಿ ಎರಡು ಭಾವಗೀತೆ ಮುಗಿಸುವಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ಬಂದು, ಬಹಳ ಮರ್ಯಾದೆಯಿಂದಲೇ, “ಅಕ್ಕ, ಹಾಡು ಚಂದ ಉಂಟು. ಆದರೆ ಬೆಲ್ ಆದ ಮೇಲೂ ನೀವು ಹಾಡಿದರೆ ನಮ್ಮ ತೂಕ ಕಡಿಮೆಯಾಗ್ತದೆ” ಎಂದರು. ಅವರಿಗೆ ಸಂಬಳ ತೆಗೆದ ಬೀಜದ ತೂಕದ ಮೇಲೆ. ಕಾರ್ಯಕ್ರಮ ಬಿಡುವಿನ ಅರ್ಧ ಗಂಟೆಯನ್ನು ದಾಟಿದರೆ, ದಾಟಿದ ಪ್ರತಿ ನಿಮಿಷದ ಬೆಲೆ ಅವರ ಕಿಸೆಯಿಂದಲೇ ಹೋಗುತ್ತದೆ. ನಮ್ಮನ್ನು ಕರೆಸಿದವರಾರೂ ಆ ವಿಷಯವನ್ನು ಯೋಚಿಸಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಯೋಚಿಸಿರಲಿಲ್ಲ, ಮನೆಯಲ್ಲಿ ಬೀಡಿ ಕಟ್ಟಿ ಸಾವಿರಕ್ಕೆ ಇಷ್ಟೆಂದು ಮಜೂರಿ ತರುತ್ತಿದ್ದ ತಾಯಿಯ ಮಗಳಾಗಿದ್ದೂ.

ಆದ್ದರಿಂದ ನಿಮ್ಮ ನಾಟಕದಲ್ಲಿ ಗಡಿಯಾರವನ್ನು ಒಂದು ಪಾತ್ರದಂತೆಯೇ ಇಡಿ. ಯಾರು ಕಲೆ ಕೊಟ್ಟರು ಎಂಬುದಕ್ಕಿಂತ ಆ ಅರ್ಧ ಗಂಟೆ ಯಾರದ್ದು ಎಂಬುದನ್ನು ಕೇಳಿ. ಬಿಡುವು ಕಾರ್ಮಿಕರದ್ದೇ. ಅದರಲ್ಲಿ ಹಾಡನ್ನು ತುಂಬಿದ ಮೇಲೆ ‘ನಿಮಗೆ ಕೊಟ್ಟೆವು’ ಎನ್ನುವುದು ಸ್ವಲ್ಪ ವಿಚಿತ್ರವಾದ ದಾನ.

ಇದಕ್ಕೆ ಎದುರಾಗಿ ಇನ್ನೊಂದು ಚಿತ್ರವನ್ನು ಹೇಳುತ್ತೇನೆ. ಗಡಿಯಾಚೆಗಿನ ಕಣ್ಣೂರಿನ ಬೀಡಿ ಕಂಪೆನಿಗಳಲ್ಲಿ ಒಬ್ಬರು ಪತ್ರಿಕೆಯನ್ನೋ ಕಾದಂಬರಿಯನ್ನೋ ಗಟ್ಟಿಯಾಗಿ ಓದುವುದು, ಉಳಿದವರು ಬೀಡಿ ಕಟ್ಟುತ್ತ ಕೇಳುವುದು ರೂಢಿಯಲ್ಲಿತ್ತು. ಓದುವವರಿಗೆ ತಪ್ಪಿಹೋದ ಕೂಲಿಯನ್ನು ಸರಿದೂಗಿಸಲು ಉಳಿದವರು ತಾವು ಕಟ್ಟಿದ ಬೀಡಿಗಳಿಂದ ಪಾಲು ಕೊಡುತ್ತಿದ್ದರು. ಕ್ಯೂಬಾದ ಚುರುಟಿನ ಕಾರ್ಖಾನೆಗಳಲ್ಲಿ 1865ರಿಂದಲೇ ಇಂಥದೊಂದು ಪದ್ಧತಿ ಇತ್ತು, ಅಲ್ಲಿಯೂ ಓದುವವನ ಸಂಬಳವನ್ನು ಕಾರ್ಮಿಕರೇ ಕೂಡಿಸುತ್ತಿದ್ದರು. ಏನು ಓದಬೇಕೆಂದು ಹಣ ಕೊಡುವವರೇ, ಅಂದರೆ ಕೇಳುವವರೇ ತೀರ್ಮಾನಿಸುತ್ತಿದ್ದರು. ನನ್ನ ತಾಯಿಯ ಮಟ್ಟಿಗೆ ಆ ಓದುವವನ ಸ್ಥಾನದಲ್ಲಿದ್ದುದು ಮೊಣಕಾಲಿನ ಪಕ್ಕದ ರೇಡಿಯೋ. ಮಂಗಳೂರು ಆಕಾಶವಾಣಿ 1976ರ ಡಿಸೆಂಬರಿನಲ್ಲಿ ಆರಂಭವಾಯಿತಷ್ಟೆ. ತೊಡೆಯ ಮೇಲೆ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ತುಳು ಹಾಡು ಕೇಳುತ್ತ ಎಲೆ ಸುತ್ತುತ್ತಿದ್ದ ಅವರು, ಇಷ್ಟವಾಗದ ಕಾರ್ಯಕ್ರಮ ಬಂದಾಗ ಕೈ ಚಾಚಿ ಗುಂಡಿ ತಿರುಗಿಸುತ್ತಿದ್ದರು. ಮೇಷ್ಟ್ರು ಹೇಳಿದ ಬಿಬಿಸಿಯ ಧ್ವನಿವರ್ಧಕಕ್ಕೆ ಕಾರ್ಮಿಕರ ಕೈಗೆಟಕುವ ಗುಂಡಿ ಇರಲಿಲ್ಲ.

ಉತ್ತರ 3: ಬೋಳಾರದ ಓದುಗ

ಮೇಷ್ಟ್ರು ಸೌಮ್ಯವಾಗಿ ಹೇಳಿದ್ದನ್ನು ನಾನು ಸ್ವಲ್ಪ ಒರಟಾಗಿ ಹೇಳುತ್ತೇನೆ, ಬೇಸರಿಸಬಾರದು.

ಬ್ರಿಟನ್ನಿನ ಕಥೆಯನ್ನು ಮಾತ್ರ ಓದಿದರೆ ಕಾರ್ಖಾನೆಗೆ ಶ್ರೇಷ್ಠ ಸಂಗೀತ ಕೊಂಡೊಯ್ದದ್ದು ಪ್ರಜಾಪ್ರಭುತ್ವದ ಉದಾರ ಗುಣ ಎಂಬ ಭಾವನೆ ಬರುತ್ತದೆ. ಎದುರು ಪಕ್ಷದವರೂ ಅದನ್ನೇ ಮಾಡುತ್ತಿದ್ದರು, ಅದೂ ಮೊದಲೇ. ನಾಜಿ ಜರ್ಮನಿಯಲ್ಲಿ 1933ರಲ್ಲಿ ಸ್ಥಾಪನೆಯಾದ ‘ಸಂತೋಷದಿಂದ ಶಕ್ತಿ’ ಎಂಬ ಅರ್ಥದ ಸಂಸ್ಥೆ ಕಾರ್ಮಿಕರಿಗೆ ಕಛೇರಿ, ನಾಟಕ, ಪ್ರವಾಸಗಳನ್ನು ಏರ್ಪಡಿಸುತ್ತಿತ್ತು; ಅದಕ್ಕೆ ಮೊದಲು ಸ್ವತಂತ್ರ ಕಾರ್ಮಿಕ ಸಂಘಗಳನ್ನು ಬಲವಂತವಾಗಿ ಮುಚ್ಚಿಸಲಾಗಿತ್ತು. 1942ರಲ್ಲಿ ಹೆಸರಾಂತ ವಾದ್ಯವೃಂದ ನಿರ್ದೇಶಕ ಫರ್ಟ್‌ವಾಂಗ್ಲರ್ ಬರ್ಲಿನ್ನಿನ ಎಇಜಿ ಎಂಬ ವಿದ್ಯುತ್ ಉಪಕರಣಗಳ ಕಾರ್ಖಾನೆಯೊಳಗೆ ವಾಗ್ನರನ ಕೃತಿಯನ್ನು ನಡೆಸಿಕೊಟ್ಟ ಚಿತ್ರೀಕರಣ ಇಂದಿಗೂ ನೋಡಲು ಸಿಗುತ್ತದೆ. ಯಂತ್ರಗಳ ನಡುವೆ ನಿಂತು ಮೈಮರೆತು ಕೇಳುತ್ತಿರುವ ಕಾರ್ಮಿಕರ ಮುಖಗಳನ್ನು ಅದರಲ್ಲಿ ಕಾಣಬಹುದು. ಧ್ವನಿ ತೆಗೆದು ಆ ಮುಖಗಳನ್ನಷ್ಟೇ ತೋರಿಸಿದರೆ ಅದು ಬರ್ಲಿನ್ನೋ ಬರ್ಮಿಂಗ್‌ಹ್ಯಾಮೋ ಎಂದು ಹೇಳುವುದು ಕಷ್ಟ. ಕೇಳಿದವರ ಆನಂದ ನಿಜವಾದದ್ದೇ ಆಗಿದ್ದಿರಬಹುದು. ಕೇಳಿಸಿದವರ ಉದ್ದೇಶವನ್ನು ಆ ಆನಂದದಿಂದ ಅಳೆಯಲಾಗದು. ಎರಡೂ ದೇಶಗಳು ಒಂದೇ ಎನ್ನುತ್ತಿಲ್ಲ. ಬ್ರಿಟನ್ನಿನ ಕಾರ್ಮಿಕ ಎದ್ದು ಹೋಗಬಹುದಾಗಿತ್ತು, ನಗಬಹುದಾಗಿತ್ತು, ಎನ್ಸಾಕ್ಕೆ ಅಡ್ಡಹೆಸರು ಇಡಬಹುದಾಗಿತ್ತು. ಆ ನಗು ನಿಮ್ಮ ನಾಟಕದಲ್ಲಿ ಬರಲೇಬೇಕು.

ಇನ್ನು ಕಥೆಯನ್ನು ಜೆಪ್ಪುವಿಗೆ ತರುವ ವಿಚಾರ. ದಯವಿಟ್ಟು ಬೇಡ. ನನ್ನ ಅಜ್ಜ ಯುದ್ಧದ ವರ್ಷಗಳಲ್ಲಿ ಹೊಳೆಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹದಮಾಡುವ ಕೆಲಸದಲ್ಲಿದ್ದವರು. ಅವರ ಬಾಯಿಂದ ಆ ಕಾಲದ ಕುರಿತು ಕೇಳಿದ್ದೆಲ್ಲ ಅಕ್ಕಿ ಮತ್ತು ಚಿಮಿಣಿ ಎಣ್ಣೆಯ ಮಾತು: 1942ರಲ್ಲಿ ಬರ್ಮಾ ಜಪಾನೀಯರ ವಶವಾದ ಮೇಲೆ ಅಲ್ಲಿಂದ ಬರುತ್ತಿದ್ದ ಅಕ್ಕಿಯೂ ಎಣ್ಣೆಯೂ ನಿಂತವು, ಎಲ್ಲದಕ್ಕೂ ಸಾಲು ನಿಲ್ಲುವಂತಾಯಿತು. ಪಿಟೀಲು ಹಿಡಿದು ಯಾರೂ ಕಾರ್ಖಾನೆಗೆ ಬರಲಿಲ್ಲ. ಮದರಾಸು ಪ್ರಾಂತ್ಯದ ಒಂದು ಮೂಲೆಯ ಜಿಲ್ಲೆಯ ಹಂಚಿನ ಆಳಿಗೆ ಮೊಜಾರ್ಟ್ ಹೋಗಲಿ, ಭಾಗವತರನ್ನು ಕಳುಹಿಸಬೇಕೆಂದೂ ಆ ಸರಕಾರಕ್ಕೆ ತೋಚಿರಲಿಲ್ಲ. ಜೆಪ್ಪುವಿನಲ್ಲಿ ಜರ್ಮನ್ ಪಾದ್ರಿಗಳೂ ಇದ್ದ ಬಾಸೆಲ್ ಮಿಷನ್ನಿನವರು 1865ರಲ್ಲಿ ತೆರೆದ ಕಾರ್ಖಾನೆಯೂ ಮೊದಲನೆಯ ಮಹಾಯುದ್ಧದಲ್ಲಿ ಶತ್ರುಪಕ್ಷದ ಆಸ್ತಿಯೆಂಬ ಕಾರಣಕ್ಕೆ ಅವರ ಕೈತಪ್ಪಿತ್ತು. ನಮ್ಮ ಹಂಚಿಗೂ ಯುದ್ಧಕ್ಕೂ ಸಂಬಂಧವಿತ್ತು, ಅದು ನೀವು ಬರೆಯಹೊರಟಿರುವ ಸಂಬಂಧವಲ್ಲ. ಇಲ್ಲದ ಔದಾರ್ಯವನ್ನು ಇತ್ತೆಂದು ರಂಗದ ಮೇಲೆ ತೋರಿಸುವುದು ಅಜ್ಜನಂಥವರಿಗೆ ಮಾಡುವ ಅನ್ಯಾಯ.

ಹಾಗೆಂದು ಅವರಿಗೆ ಕಲೆ ಇರಲಿಲ್ಲವೆಂದು ತಿಳಿಯಬೇಡಿ. ಮಳೆಗಾಲದಲ್ಲಿ ಮೇಳಗಳು ತಿರುಗಾಟ ನಿಲ್ಲಿಸಿದ ಮೇಲೆ ವಠಾರದಲ್ಲಿ ತಾಳಮದ್ದಳೆ ಕೂಡುತ್ತಿತ್ತಂತೆ. ವೇಷ ಬೇಡ, ಬಣ್ಣ ಬೇಡ, ರಂಗಸ್ಥಳ ಬೇಡ. ಒಂದೇ ಒಂದು ಲಾಟೀನನ್ನು ಬತ್ತಿ ಇಳಿಸಿ ಇಟ್ಟು, ಎಣ್ಣೆ ತೀರಿದ ರಾತ್ರಿ ಕತ್ತಲಲ್ಲೇ ಅರ್ಥ ಹೇಳುತ್ತಿದ್ದರಂತೆ. ಕರ್ಣನ ಅರ್ಥ ಹೇಳುತ್ತಿದ್ದವರು ಹಗಲು ಆವೆಗೆ ಸೌದೆ ಹೊರುತ್ತಿದ್ದವರು. ಗದ್ದೆಯಲ್ಲಿ ನೇಜಿ ನೆಡುತ್ತ ಓಬೇಲೆ ಹಾಡುತ್ತಿದ್ದ ಅಜ್ಜಿಗೂ ಯಾವ ಮಂಡಳಿಯ ಪ್ರೋತ್ಸಾಹವೂ ಬೇಕಾಗಿರಲಿಲ್ಲ. ಅಲ್ಲಿ ಹಾಡಿನ ಲಯ ಕೈಯ ಲಯದಿಂದಲೇ ಹುಟ್ಟುತ್ತದೆ. ಸುರತ್ಕಲ್ಲಿನ ಅಕ್ಕ ಹೇಳಿದ ಗುಂಡಿ ಅವರ ಗಂಟಲಲ್ಲೇ ಇತ್ತು ಎನ್ನಬಹುದು.

ನಮ್ಮವರನ್ನು ಈ ಚರಿತ್ರೆಯೊಳಗೆ ತರಲೇಬೇಕೆಂದಿದ್ದರೆ ಪ್ರಾಮಾಣಿಕವಾದ ಒಂದು ಬಾಗಿಲು ಇದೆ, ಅದು ಮುಂಬಯಿ. 1943ರ ಮೇ 25ರಂದು ಅಲ್ಲಿ ಭಾರತೀಯ ಜನ ನಾಟ್ಯ ಸಂಘ, ಅಂದರೆ ಇಪ್ಟಾ, ಸ್ಥಾಪನೆಯಾಯಿತು. ಬಂಗಾಳದ ಕ್ಷಾಮದ ಸಂತ್ರಸ್ತರಿಗಾಗಿ ಅದರ ತಂಡಗಳು ಹಾಡಿ ಕುಣಿದು ಹಣ ಕೂಡಿಸಿದವು. ಅದೇ ಕಾಲದಲ್ಲಿ ಅಣ್ಣಾಭಾವು ಸಾಠೆ, ಅಮರ್ ಶೇಖ್ ಮೊದಲಾದ ಮರಾಠಿ ಜನಕವಿಗಳು ಗಿರಣಿ ಕಾರ್ಮಿಕರ ನಡುವೆ ಲಾವಣಿಗಳನ್ನೂ ಪೋವಾಡ ಎಂಬ ವೀರಗೀತೆಗಳನ್ನೂ ಹಾಡುತ್ತಿದ್ದರು. ಅವರೇ ಕಾರ್ಮಿಕ ಬದುಕಿನಿಂದ ಬಂದವರು. ಆಗ ಮುಂಬಯಿಯ ಹೋಟೆಲುಗಳಲ್ಲಿ ಲೋಟ ತೊಳೆಯುತ್ತ, ರಾತ್ರಿಶಾಲೆಯಲ್ಲಿ ಕನ್ನಡ ಓದುತ್ತಿದ್ದ ಉಡುಪಿ ಕಡೆಯ ಹುಡುಗರು ಎಷ್ಟೋ ಮಂದಿ. ಅಂಥ ಒಬ್ಬ ಹುಡುಗ ಗಿರಣಿಗಳ ಬಡಾವಣೆಯಾಗಿದ್ದ ಪರೇಲಿನ ಓಣಿಯಲ್ಲಿ ಡಫದ ಸದ್ದು ಕೇಳಿ ನಿಂತ ಎಂದು ನೀವು ಬರೆದರೆ ಅದು ಕಲ್ಪನೆಯೇ, ಸುಳ್ಳಲ್ಲ.

ಪರ್ಕಳದ ಹವ್ಯಾಸಿ ಮರಳಿ ಬರೆದದ್ದು

ಮೂವರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ತಂಡದವರ ಮುಂದೆ ಈ ಉತ್ತರಗಳನ್ನು ಓದಿದೆ. ಹಂಚಿನ ಕಾರ್ಖಾನೆಯ ವಿಚಾರವನ್ನು ಕೈಬಿಟ್ಟಿದ್ದೇವೆ, ರಂಗಸಜ್ಜಿಕೆಯ ಗೆಳೆಯರಿಗೆ ಮಾತ್ರ ಹೊಗೆಗೊಳವೆ ಹೋದದ್ದಕ್ಕೆ ಬೇಸರ. ಮುಂಬಯಿಯ ಹುಡುಗ ಇನ್ನೊಂದು ನಾಟಕಕ್ಕೆ ಇರಲಿ. ಅವನನ್ನು ಇದರಲ್ಲಿ ತುರುಕಿದರೆ ಇಬ್ಬರಿಗೂ ಜಾಗ ಸಾಲದು.

ಕಥೆ ಬ್ರಿಟನ್ನಿನಲ್ಲೇ ನಡೆಯುತ್ತದೆ. ಗಾಯಕಿ ಹಿಂದೆ ಟೆಲಿಫೋನಿನ ಕೆಲಸದಲ್ಲಿದ್ದವಳು ಎನ್ನದೆ ಬಟ್ಟೆ ಗಿರಣಿಯಲ್ಲಿದ್ದವಳು ಎಂದು ಮಾಡಿಕೊಳ್ಳುತ್ತೇನೆ, ಫೆರಿಯರ್ ಅವರ ಬಾಳನ್ನು ನೇರವಾಗಿ ಎತ್ತಿಕೊಂಡಂತೆ ಆಗಬಾರದು. ಎದುರಿಗೆ ಒಬ್ಬಳು ಯುವತಿ: 1941ರ ಡಿಸೆಂಬರಿನ ಕಾನೂನಿನಂತೆ ಮದುವೆಯಾಗದ ಹೆಣ್ಣುಮಕ್ಕಳನ್ನೂ ಯುದ್ಧದ ಕೆಲಸಕ್ಕೆ ಕರೆಯತೊಡಗಿದಾಗ ಕಾರ್ಖಾನೆಗೆ ಬಂದವಳು. ಅವಳಿಗೆ ಹಾಡು ಇಷ್ಟ, ಆದರೆ ರಾತ್ರಿಪಾಳಿಯ ಮೇಲೆ ಓವರ್‌ಟೈಮ್ ಮಾಡಿದವಳಿಗೆ ನಿದ್ದೆ ಅದಕ್ಕಿಂತ ಇಷ್ಟ. ಅವಳು ಮೊದಲ ಹಾಡಿಗೇ ಮೇಜಿನ ಮೇಲೆ ತಲೆಯಿಟ್ಟು ಮಲಗುತ್ತಾಳೆ. ಗಾಯಕಿ ಆಕೆಯನ್ನು ನೋಡಿ ಪಿಯಾನೋದವನಿಗೆ ದನಿ ತಗ್ಗಿಸಲು ಸನ್ನೆ ಮಾಡುತ್ತಾಳೆ. ‘ಗೌರವವೋ ಎಣ್ಣೆಯೋ’ ಎಂಬುದಕ್ಕೆ ಸದ್ಯಕ್ಕೆ ನನಗೆ ಹೊಳೆದ ಉತ್ತರ ಅಷ್ಟೇ.

ಒಂದು ಸಣ್ಣ ಸಹಾಯ ಬೇಕು. ನಾಟಕ ತೆರೆಯುವುದು ಊಟದ ಬಿಡುವನ್ನು ಸೂಚಿಸುವ ಕಾರ್ಖಾನೆಯ ಸೈರನ್ನಿನಿಂದ. ಹಳೆಯ ಕಾಲದ ಅಂಥ ಕೂಗಿನ ಧ್ವನಿಮುದ್ರಣ ಯಾರಲ್ಲಾದರೂ ಇದೆಯೇ?

ಉತ್ತರ 4: ಕದ್ರಿಯ ಹಳೆಯ ಮೇಷ್ಟ್ರು

ಸೈರನ್ ಬೇಡ. ಆ ವರ್ಷಗಳ ಬ್ರಿಟನ್ನಿನಲ್ಲಿ ಸೈರನ್ ಕೂಗಿತೆಂದರೆ ಅದು ವಿಮಾನದಾಳಿಯ ಸೂಚನೆ. ಜನ ಗೊಂದಲಗೊಳ್ಳಬಾರದೆಂದು ಕಾರ್ಖಾನೆಗಳ ಕೂಗನ್ನು ನಿರ್ಬಂಧಿಸಿದ್ದರು. ಇಗರ್ಜಿಯ ಗಂಟೆಗಳು ಕೂಡ 1940ರ ಜೂನಿನಿಂದ ಮೌನವಾಗಿದ್ದವು, ಶತ್ರುಸೇನೆ ಬಂದಿಳಿದರೆ ಮಾತ್ರ ಅವನ್ನು ಬಾರಿಸಬೇಕೆಂದು ಆಜ್ಞೆಯಾಗಿತ್ತು. ನಿಮ್ಮ ಮೊದಲ ದೃಶ್ಯದಲ್ಲಿ ಸೈರನ್ ಕೂಗಿದರೆ ಕ್ಯಾಂಟೀನಿನಲ್ಲಿದ್ದವರೆಲ್ಲ ಊಟ ಬಿಟ್ಟು ನೆಲಮಾಳಿಗೆಗೆ ಓಡಬೇಕಾಗುತ್ತದೆ.

ಅದರ ಬದಲು ಯಂತ್ರಗಳ ಸದ್ದಿನಿಂದ ಆರಂಭಿಸಿ. ಅದು ಒಂದೊಂದಾಗಿ ನಿಲ್ಲಲಿ, ಕೊನೆಯ ಯಂತ್ರ ನಿಂತ ಮೇಲೆ ಪಿಟೀಲಿನವನು ಶ್ರುತಿ ಮಾಡಿಕೊಳ್ಳುವುದು ಕೇಳಲಿ.